ಐದು ಗಂಟೆ ಬಸ್ಸು ಮತ್ತು ಅವ್ವನ ಕ್ಲೈಮ್ಯಾಕ್ಸ್

ಮೊನ್ನೆ ಹಿರಿಯೂರಿನ ಟಾಕೀಸಿನಲ್ಲಿ ನನ್ನ ಹೊಸ ಸಿನಿಮಾ ನೋಡುತ್ತ ಕೂತಿದ್ದೆ. ಮುಂದಿನ ಸಾಲಿನಲ್ಲಿ ಯಾರೋ ಹುರಿದ ಶೇಂಗಾ ಬಿಡಿಸಿದರು. ಆ ವಾಸನೆಗೆ ಮನಸ್ಸು ನಮ್ಮೂರು ಹರಿಯಬ್ಬೆಯ ಮನೆ ಜಗಲಿಗೆ ಹೋಗಿಬಿಟ್ಟಿತು.

ಬಿತ್ತನೆಗೆ ಮುಂಚೆ ಕೇರಿಯ ಹೆಂಗಸರೆಲ್ಲ ಅಲ್ಲಿ ಶೇಂಗಾ ಸುಲಿಯುತ್ತಿದ್ದರು. ಬೆರಳು ಕೆಂಪಾದರೂ ಯಾರೂ ಏಳುತ್ತಿರಲಿಲ್ಲ, ಯಾಕೆಂದರೆ ಅವ್ವ ಸಿನಿಮಾ ಕಥೆ ಹೇಳುತ್ತಿದ್ದಳು. ನನ್ನನ್ನು ಕರೆದುಕೊಂಡು ಹಿರಿಯೂರಿಗೆ ಹೋಗಿ ಮ್ಯಾಟಿನಿ ನೋಡುವುದು ಅವಳ ಚಟ. ಆದರೆ ನಮ್ಮೂರಿಗೆ ಕೊನೆಯ ಬಸ್ಸು ಐದಕ್ಕೆ. ಹಾಗಾಗಿ ಒಂದು ಸಿನಿಮಾದ ಕೊನೆಯನ್ನೂ ನಾವು ನೋಡಿದವರಲ್ಲ. ಅದನ್ನು ಅವ್ವನೇ ಕಟ್ಟುತ್ತಿದ್ದಳು.

ಒಮ್ಮೆ ನಾಯಕ ಬಾವಿಗೆ ಬೀಳುವ ಹೊತ್ತಿಗೆ ನಾವು ಎದ್ದು ಬಂದಿದ್ದೆವು.

"ಆಮೇಲೇನಾತೇ?" ಎಂದಳು ಪಕ್ಕದ ಮನೆಯ ರತ್ನಕ್ಕ.

"ಬಾವಿ ತಳದಾಗೆ ಇನ್ನೊಂದು ಆಕಾಶ ಇತ್ತು ಕಣೆ. ಚುಕ್ಕಿ ಹಿಡ್ಕಂಡು ಆ ಕಡೆ ಹತ್ತಿ ಹೋದ" ಎಂದಳು ಅವ್ವ, ಸುಲಿಯುವ ಕೈ ನಿಲ್ಲಿಸದೆ.

ಸೈನ್ಸ್ ಫಿಕ್ಷನ್, ಸಾಹಸ ಅಂತ ಇಷ್ಟು ವರ್ಷ ನಾನು ನಿರ್ದೇಶಿಸಿದ್ದೆಲ್ಲ ಆ ಜಗಲಿಯ ಪಾಠ. "ಬಾವಿಯೊಳಗೆ ಆಕಾಶ ಅಂದ್ರೆ ಯಾರು ನಂಬ್ತಾರೆ, ಕೊನೆ ಬದಲಾಯಿಸಿ" ಎಂದು ಈ ಸಲ ನಿರ್ಮಾಪಕರು ಮುನಿಸಿಕೊಂಡರು. ನಾನು ಜಗ್ಗಲಿಲ್ಲ.

ಮೊನ್ನೆ ಐದು ಗಂಟೆ ಹತ್ತಿರವಾದಾಗ ನನ್ನ ಪಕ್ಕದಲ್ಲಿದ್ದ ಅವ್ವ ಚೀಲ ಹಿಡಿದು ಎದ್ದಳು.

"ಕುಂತ್ಕಳವ್ವ, ಕಾರು ಐತೆ" ಎಂದು ಸೆರಗು ಹಿಡಿದು ಕೂರಿಸಿದೆ.

ತೆರೆಯ ಮೇಲೆ ನಾಯಕಿ ಬಾವಿಯ ತಳದಲ್ಲಿ ಚುಕ್ಕಿ ಹಿಡಿದು ಹತ್ತಿದಳು. ಟಾಕೀಸಿಗೆ ಟಾಕೀಸೇ ಎದ್ದು ಶಿಳ್ಳೆ ಹೊಡೆಯಿತು.

ಅವ್ವ ಆಚೆ ಸೀಟಿನ ಅಪರಿಚಿತ ಹೆಂಗಸಿನತ್ತ ಬಾಗಿ, "ಇದು ನಾನು ಹೇಳಿದ್ದು ಕಣಮ್ಮ" ಎಂದಳು.