ಮೂಲೆಯ ಬಳ್ಳಿಯ ಒಂದು ಎಲೆ

ಕಳೆದ ವಾರ ಶಿವಮೊಗ್ಗದ ಗಾಂಧಿ ಬಜಾರಿನ ದಿನಸಿ ಅಂಗಡಿಯಲ್ಲಿ ಯಾರಿಗೋ ಲವಂಗ ತೂಗುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚೀಟಿಯಲ್ಲಿದ್ದ ಸಾಮಾನನ್ನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ. ಬಟ್ಟೆಗೆ ಹುಳ ಬೀಳದಿರಲೆಂದು ಖಾಲಾ ತಮ್ಮ ಕಸೂತಿಯ ಮಡಿಕೆಗಳಲ್ಲಿ ಲವಂಗ ಇಡುತ್ತಿದ್ದರು...

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಓಣಿಯ ಮಕ್ಕಳೆಲ್ಲ ಚಿಕ್ಕಮ್ಮ ಎನ್ನುವಂತೆ ಖಾಲಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನಗೆ ಸೂಜಿ ಹಿಡಿಯಲು ಕಲಿಸಿದವರು ಅವರೇ. ನನ್ನ ಓರಗೆಯ ಅವರ ಒಬ್ಬಳೇ ಮಗಳಿಗೆ ಮಾತ್ರ ಅದು ಒಗ್ಗಲಿಲ್ಲ.

ಮಗಳ ಮದುವೆ ಗೊತ್ತಾದಾಗ ಖಾಲಾ ಒಂದು ಬಿಳಿ ಬೆಡ್‌ಶೀಟಿಗೆ ಕಸೂತಿ ಶುರುಮಾಡಿದರು. ನಾಲ್ಕು ಮೂಲೆಗೆ ನಾಲ್ಕು ಬಳ್ಳಿ. ಎರಡು ಮುಗಿಯುವಷ್ಟರಲ್ಲಿ ಮಗಳಿಗೆ ಕಾಮಾಲೆ ಬಂತು. ಹದಿನೈದೇ ದಿನ... ಆಮೇಲೆ ಆ ಬಟ್ಟೆಯನ್ನು ಅವರು ಬಿಚ್ಚಿದ್ದನ್ನು ನಾನು ನೋಡಲಿಲ್ಲ.

ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ಖಾಲಾ ಗಂಡ ತೀರಿದ ಮೇಲೆ ಮಲವಗೊಪ್ಪದ ತಮ್ಮನ ಮನೆ ಸೇರಿದರು. ಸಕ್ಕರೆ ಕಾಯಿಲೆ ಮೊದಲು ಕಣ್ಣು ತಿಂದಿತು, ಆಮೇಲೆ ಕಿಡ್ನಿ. ಹೋದ ವರ್ಷ ಹೇಳಿಕಳಿಸಿದರು. ಹೋದಾಗ ಆ ಬೆಡ್‌ಶೀಟನ್ನು ನನ್ನ ಮಡಿಲಿಗೆ ಹಾಕಿದರು.

"ಇದನ್ನ ಮುಗಿಸ್ಕೊಡು ಬೇಟಾ. ಹೋಗೋದ್ರೊಳಗೆ ಒಂದ್ಸಲ ಪೂರ್ತಿ ಮುಟ್ಟಿ ನೋಡ್ಬೇಕು."

ಹೊರಗೆ ಬಂದಾಗ ಅವರ ತಮ್ಮನ ಹೆಂಡತಿ ಮೆಲ್ಲಗೆ ಹೇಳಿದರು: "ಒಂದು ತಿಂಗಳು ಅಂದಿದ್ದಾರೆ ಡಾಕ್ಟ್ರು."

ಮರುದಿನವೇ ದಾರ ಹುಡುಕಲು ಹೊರಟೆ. ಹಳೆಯ ಬಳ್ಳಿಗಳ ಆ ಹಸಿರು ಎಲ್ಲೂ ಸಿಗಲಿಲ್ಲ. "ಈ ಶೇಡ್ ನಿಂತೇ ಹೋಗಿದೆ ಮೇಡಂ," ಎಂದರು ಎಲ್ಲರೂ. ಹತ್ತಿರದ್ದನ್ನೇ ತಂದೆ. ಒಲೆಯ ಮೇಲೆ ಸಾರು ಸೀದರೂ ಏಳದೆ ಹೊಲಿದೆ. ಬೆರಳ ತುದಿ ಒಡೆದು ರಕ್ತ ಬಂದರೆ ಪಟ್ಟಿ ಸುತ್ತಿಕೊಂಡು ಹೊಲಿದೆ. ಫೋನ್ ಬಂದರೆ ಎದೆ ಹಾರುತ್ತಿತ್ತು, ಮಲವಗೊಪ್ಪದಿಂದಲೇ ಇರಬಹುದೆಂದು.

ಇಪ್ಪತ್ತನೆಯ ದಿನ ಎರಡೂ ಬಳ್ಳಿ ಮುಗಿದವು. ಹಳೆಯ ಬಳ್ಳಿಗಳ ಜೊತೆ ಹೋಲಿಸಿ ನೋಡಿದೆ. ಮೊದಲ ಮೂಲೆಯಲ್ಲಿ ಒಂದು ಎಲೆ ಸೊಟ್ಟಗಿತ್ತು; ಹೊಲಿಗೆ ಹಿಂದುಮುಂದಾಗಿ ದಾರ ಗಂಟುಕಟ್ಟಿತ್ತು. ಆಗಲೇ ಕಣ್ಣು ಮಂಜಾಗಿತ್ತೇನೋ ಪಾಪ, ಅಂದುಕೊಂಡೆ. ಕತ್ತರಿ ತೆಗೆದುಕೊಂಡು ಆ ಎಲೆಯನ್ನು ಬಿಚ್ಚಿದೆ, ಹೊಸ ದಾರದಲ್ಲಿ ನೀಟಾಗಿ ತುಂಬಿದೆ. ಹಳೆಯ ಎಳೆಗಳನ್ನು ಗುಡಿಸಿ ಕಸದ ಗಾಡಿಗೆ ಹಾಕಿದೆ.

ಮಲವಗೊಪ್ಪಕ್ಕೆ ಒಯ್ದು ಬಟ್ಟೆಯನ್ನು ಅವರ ಮಡಿಲ ಮೇಲೆ ಹರಡಿದಾಗ ಖಾಲಾ ನನ್ನ ಬಳ್ಳಿಗಳ ಮೇಲೆ ಬೆರಳಾಡಿಸಿ ನಕ್ಕರು. ಆಮೇಲೆ ಅವರ ಕೈ ಮೊದಲ ಮೂಲೆಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಹಿಂದಕ್ಕೆ ಬಂತು, ಮತ್ತೆ ಹೋಯಿತು.

"ಇಲ್ಲೊಂದು ಗಂಟುಗಂಟು ಎಲೆ ಇತ್ತಲ್ಲ?"

"ಸೊಟ್ಟಗಿತ್ತು ಖಾಲಾ. ಬಿಚ್ಚಿ ಸರಿ ಮಾಡ್ದೆ."

ಅವರು ಆ ಎಲೆಯನ್ನು ಇನ್ನೊಮ್ಮೆ ಸವರಿದರು.

"ಅದೊಂದೇ ಎಲೆ ಅವಳು ಹಾಕಿದ್ದು," ಎಂದರು.

ಅವರ ಕಾಲು ಹಿಡಿದುಕೊಂಡೆ. "ಬಿಡು ಬೇಟಾ, ನಿಂಗೆ ಹೆಂಗೆ ಗೊತ್ತಾಗ್ಬೇಕು," ಎಂದು ತಲೆ ನೇವರಿಸಿದರು. ಆದರೆ ಇನ್ನೊಂದು ಕೈ ಆ ಮೂಲೆಯಲ್ಲಿ ಹುಡುಕುತ್ತಲೇ ಇತ್ತು...

ಆರು ದಿನಕ್ಕೆ ಅವರು ಹೋದರು. ಬೆಡ್‌ಶೀಟ್ ನನಗೇ ಸೇರಬೇಕೆಂದು ಹೇಳಿದ್ದರಂತೆ.

ಮನೆಗೆ ತಂದ ದಿನವೇ ನಾನು ತುಂಬಿದ ಎಲೆಯನ್ನು ಬಿಚ್ಚಿಹಾಕಿದೆ. ಅಡಿಯಲ್ಲಿ ಹುಡುಗಿಯ ಸೂಜಿ ಚುಚ್ಚಿದ ತೂತುಗಳಿವೆ, ನನ್ನವೂ ಬೆರೆತಿವೆ. ಬೆಳಕಿಗೆ ಹಿಡಿದು ಯಾವುದು ಯಾರದೆಂದು ನೋಡುತ್ತೇನೆ, ತಿಳಿಯುವುದಿಲ್ಲ. ನೀರು ಬಿದ್ದರೆ ಅವೂ ಮುಚ್ಚಿಹೋದಾವೆಂಬ ಹೆದರಿಕೆಗೆ ಅದನ್ನು ಈವರೆಗೆ ಒಗೆದಿಲ್ಲ.