ಸೋಮವಾರ ತೆರೆಯದ ಅಂಗಡಿ

ಜಮಖಂಡಿಯ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿ ಸೋಮವಾರ ಮುಚ್ಚಿರುತ್ತಿತ್ತು. ಅಂಗಡಿ ಹಾಕಿದ ಅಜ್ಜ ಮಾರುತ್ತಿದ್ದದ್ದು ಚಕ್ಕಡಿಯ ಅಚ್ಚು, ಕೀಲು, ಎತ್ತಿನ ಲಾಳ. ಸೋಮವಾರ ಬಸವಣ್ಣನ ದಿನ, ಯಾರೂ ಎತ್ತು ಹೂಡುವುದಿಲ್ಲ. ಎತ್ತು ಹೂಡದ ದಿನ ನಮ್ಮಲ್ಲಿಗೆ ಬರುವವರು ಯಾರು? ಅಜ್ಜನ ಲೆಕ್ಕ ಸರಿಯಾಗಿಯೇ ಇತ್ತು. ಅಪ್ಪನ ಕಾಲಕ್ಕೆ ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂತು. ಲಾಳ ಇದ್ದ ಕಪಾಟಿನಲ್ಲಿ ಬೇರಿಂಗು, ಆಯಿಲ್ ಸೀಲು, ಕ್ಲಚ್ ಪ್ಲೇಟು ಕೂತವು. ಸೋಮವಾರ ಮಾತ್ರ ಅಲ್ಲಾಡಲಿಲ್ಲ.

ನನ್ನನ್ನು ಇದೇ ಊರಿಗೆ ಕೊಟ್ಟಿದ್ದು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಅಪ್ಪನ ಜೊತೆ ಅಂಗಡಿಯಲ್ಲಿ ಕೂತೆ. ಕೂತೆ ಅನ್ನುವುದು ಬರೀ ಮಾತು, ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಸೋಮವಾರವಂತೂ ತವರಿನ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಓಡಾಟ. ಕಬ್ಬಿನ ಹಂಗಾಮಿನಲ್ಲಿ ಫೋನು ಬಾಯಿ ಮುಚ್ಚುತ್ತಿರಲಿಲ್ಲ. ಸಕ್ಕರೆ ಕಾರ್ಖಾನೆಗೆ ಸೋಮವಾರ ಅಂತಿಲ್ಲ, ಬೇರಿಂಗೂ ವಾರ ನೋಡಿ ಒಡೆಯುವುದಿಲ್ಲ. ಅಷ್ಟರಲ್ಲಿ ನಮ್ಮ ಎದುರಿಗೇ ವಾರವಿಡೀ ತೆರೆದಿರುವ ಹೊಸ ಅಂಗಡಿ ಬಂತು. ಸೋಮವಾರ ಅಲ್ಲಿಗೆ ಹೋದ ಗಿರಾಕಿ ಮಂಗಳವಾರವೂ ಅಲ್ಲಿಗೇ. ಹೀಗೇ ಆದರೆ ನಾವು ಶಾಶ್ವತವಾಗಿ ಬಾಗಿಲು ಹಾಕುವುದೇ ಎಂದು ನನಗೆ ದಿಗಿಲು.

"ಅಪ್ಪಾ, ಈಗ ಎತ್ತು ಎಲ್ಲಿ ಅದಾವ? ಟ್ರ್ಯಾಕ್ಟರಿಗೆ ಯಾವ ಬಸವಣ್ಣ?"

"ಟ್ರ್ಯಾಕ್ಟರ್ ಹೊಡ್ಯಾಂವ ಮನಿಶ್ಯಾ ಅಲ್ಲೇನ ಬೇ? ಅವನೂ ಒಂದ ದಿನ ಕುಂದರ್ಲಿ."

"ಅಂವ ಕುಂದರಂಗಿಲ್ಲ. ಎದುರಿನ ಅಂಗಡಿಗೆ ಹೋಗತಾನ."

ಅಪ್ಪ ವಿಭೂತಿ ಹಚ್ಚಿಕೊಳ್ಳತೊಡಗಿದ. ಉತ್ತರ ಸಿಗದಾಗಲೆಲ್ಲ ಅವನಿಗೆ ವಿಭೂತಿ ನೆನಪಾಗುತ್ತದೆ.

ಹೋದ ಹಂಗಾಮಿನ ಒಂದು ಸೋಮವಾರ ಹಿಪ್ಪರಗಿಯ ಹಳೆಯ ಗಿರಾಕಿಯೊಬ್ಬರ ಫೋನು ಬಂತು. ಕಬ್ಬು ತುಂಬಿದ ಎರಡು ಟ್ರಾಲಿ ಸಮೇತ ಟ್ರ್ಯಾಕ್ಟರ್ ದಾರಿಯಲ್ಲಿ ಕೆಟ್ಟು ನಿಂತಿತ್ತು. "ನಿಮ್ಮಪ್ಪ ಬಾಗಲಾ ತಗ್ಯಾಂಗಿಲ್ಲ, ಗೊತ್ತೈತಿ. ನೀ ತಗೀತಿ ಏನವ್ವಾ? ಇಲ್ಲಂದ್ರ ಎದುರಿನವ್ರ ಕಡೆ ಹೋಗತೀನಿ, ಸಿಟ್ಟಾಗಬ್ಯಾಡ" ಎಂದರು. ನಾನು ಗೂಟದಿಂದ ಅಂಗಡಿಯ ಕೀಲಿ ತೆಗೆದುಕೊಂಡೆ. ಅಪ್ಪ ನೋಡುತ್ತಲೇ ಇದ್ದ.

"ಹೋಗು. ನಾ ಬರಂಗಿಲ್ಲ" ಎಂದ, ಅಷ್ಟೇ.

ಅಂದಿನಿಂದ ಪ್ರತಿ ಸೋಮವಾರ ನಾನೇ ಬಾಗಿಲು ತೆಗೆದೆ. ಎದುರಿನ ಅಂಗಡಿಗೆ ಹೋದವರಲ್ಲಿ ಬಹಳ ಮಂದಿ ಮರಳಿ ಬಂದರು. ಮಂಗಳವಾರ ಅಪ್ಪ ಎಂದಿನಂತೆ ಬಂದು ಕೂರುತ್ತಿದ್ದ, ನಿನ್ನೆ ಏನಾಯಿತೆಂದು ಕೇಳುತ್ತಿರಲಿಲ್ಲ. ನಾನು ಹೇಳಲು ಚಡಪಡಿಸುತ್ತಿದ್ದೆ. ಅವನು ಒಮ್ಮೆ ಬಾಯ್ತುಂಬ ಬೈದುಬಿಡಬಾರದೇ ಎನಿಸುತ್ತಿತ್ತು.

ಮೊನ್ನೆ ಒಂದು ಸೋಮವಾರ ಉರಿಬಿಸಿಲಲ್ಲಿ ಅಪ್ಪ ಮೋಟಾರ್ ಸೈಕಲ್ ತಳ್ಳಿಕೊಂಡು ಬಂದ. ಕ್ಲಚ್ ವಾಯರ್ ಕಡಿದಿತ್ತು. ರಸ್ತೆಯ ನಡುವೆ ನಿಂತು ಎದುರಿನ ಅಂಗಡಿಯತ್ತ ನೋಡಿದ, ನಮ್ಮತ್ತ ನೋಡಿದ. ನಮ್ಮ ಕಡೆಗೇ ಗಾಡಿ ತಿರುಗಿಸಿದ. ಗೆದ್ದೆ ಅಂದುಕೊಂಡು ಎದ್ದು ಅವನ ಖುರ್ಚಿ ಒರೆಸಿದೆ.

ಅಪ್ಪ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು ಕೇಳಿದ:

"ಕ್ಲಚ್ ವಾಯರ್ ಐತೇನ್ರಿ?"

"ಅಪ್ಪಾ, ಇದೇನಿದು? ಮ್ಯಾಲ ಬಾ. ನಿಂದ ಅಂಗಡಿ."

"ನಾಳೆ ನಂದು. ಇವತ್ತ ನಿಮ್ದರಿ."

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕುಚೇಷ್ಟೆಯೂ ಇರಲಿಲ್ಲ. ವಾಯರ್ ತಂದು ಕೊಟ್ಟೆ. ಹುಟ್ಟಿದಾಗಿನಿಂದ ನನಗೆ 'ಬೇ' ಅನ್ನುತ್ತಿದ್ದ ಬಾಯಿಂದ ಆ 'ರಿ' ಕೇಳುವುದಕ್ಕಿಂತ, ಅಪ್ಪ ಎದುರಿನ ಅಂಗಡಿಗೇ ಹೋಗಿದ್ದರೆ ಚೆನ್ನಾಗಿತ್ತು.