ಯಾರ ಅಳತೆಯ ಕಟ್ಟೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಉದ್ದಕ್ಕ. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಬಾಗಿಲ ಚೌಕಟ್ಟಿಗೆ ನೆತ್ತಿ ತಾಗುವಂಥ ಹೆಂಗಸನ್ನು ಜನ ಇನ್ನೇನೆಂದು ಕರೆದಾರು? ಅವಳದು ಫಿಸಿಯೋಥೆರಪಿ ವಿಭಾಗದ ಕೆಲಸ. ಜಾರಿಬಿದ್ದು ಸೊಂಟ ಮುರಿದುಕೊಂಡವರನ್ನು ಮತ್ತೆ ನಡೆಸಬೇಕು, ಬೆನ್ನು ಹಿಡಿದುಕೊಂಡು ಬಂದವರನ್ನು ನೆಟ್ಟಗೆ ನಿಲ್ಲಿಸಬೇಕು. "ಬಗ್ಗಬೇಡಿ, ಬೆನ್ನು ನೇರ ಇರ್ಲಿ" ಎಂದು ಬೆಳಗಿನಿಂದ ಸಂಜೆವರೆಗೆ ಹೇಳಿ ಹೇಳಿ ಮನೆಗೆ ಬಂದು ತರಕಾರಿ ಹೆಚ್ಚಲು ನಿಂತರೆ ತಾನೇ ನಡು ಬಗ್ಗಿಸಬೇಕು. ಅಡುಗೆ ಕಟ್ಟೆ ಅವಳ ಸೊಂಟಕ್ಕಿಂತ ಒಂದು ಗೇಣು ಕೆಳಗಿತ್ತು. ಸಿಂಕಂತೂ ಕೇಳುವುದೇ ಬೇಡ, ತಳದಲ್ಲಿರುವ ಚಮಚ ಎತ್ತಬೇಕೆಂದರೆ ಬಾವಿಗೆ ಇಣುಕಿದ ಹಾಗೆ ಇಣುಕಬೇಕು.

ಫ್ಲ್ಯಾಟು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಕಟ್ಟಡ ಏಳುತ್ತಿರುವಾಗಲೇ ಮಾವ ಕೊಂಡ ಮನೆ. ಅತ್ತೆ ಗಿಡ್ಡ ಎಂದರೆ ಗಿಡ್ಡ, ಸೊಸೆಯ ಪಕ್ಕ ನಿಂತರೆ ಅವಳ ಎದೆಮಟ್ಟಕ್ಕೆ ಬರುತ್ತಿದ್ದರು. ಮದುವೆಯಾಗಿ ಬಂದ ದಿನ ಆ ಕಟ್ಟೆ ನೋಡಿದವಳೇ ಇದು ಅತ್ತೆ ತಮ್ಮ ಅಳತೆಗೆ ಕಟ್ಟಿಸಿಕೊಂಡದ್ದು ಎಂದು ತೀರ್ಮಾನಿಸಿಬಿಟ್ಟಿದ್ದಳು. ಯಾರನ್ನೂ ಕೇಳಲು ಹೋಗಿರಲಿಲ್ಲ. ಹಾಗೆ ಕಟ್ಟಿಸಿಕೊಂಡವರು ಸೊಸೆ ಬಂದ ತಿಂಗಳಲ್ಲೇ ಸೌಟು ಕೆಳಗಿಟ್ಟು ಹೊರಗೆ ಹೋಗಿ ಕೂತಿದ್ದರು. ಅದೂ ಸೇರಿ ಅವಳೊಳಗೆ ಇಪ್ಪತ್ತು ಚಿಲ್ಲರೆ ವರ್ಷದಿಂದ ಒಂದು ಮುನಿಸು ಸಣ್ಣಗೆ ಕುದಿಯುತ್ತಲೇ ಇತ್ತು. ಕಟ್ಟೆ ಎತ್ತರಿಸೋಣ ಎಂದಾಗೆಲ್ಲ ಗಂಡ "ಆಗ್ಲಿ, ನೋಡೋಣ" ಎನ್ನುತ್ತಿದ್ದ. ಅವನು ಯಾರಿಗೂ ಬೇಡ ಎಂದವನಲ್ಲ. ಯಂತ್ರಗಳ ಕೈಪಿಡಿ ಅನುವಾದ ಮಾಡುತ್ತ ಮನೆಯಲ್ಲೇ ಇರುವ ಮನುಷ್ಯ. ಗೆಳೆಯರು ಅವನಿಗೆ ಇಟ್ಟ ಹೆಸರೇ ಆಗ್ಲಿ ಸಾಹೇಬರು.

ಕೊನೆಗೆ ಕಟ್ಟೆ ಒಡೆಯುವ ಯೋಗ ಬಂದದ್ದು ಕೆಳಮನೆಯವರಿಂದ. ಅವರ ಚಾವಣಿಯಲ್ಲಿ ಕಂದು ಕಲೆಯೊಂದು ಮೂಡಿ, ಹರಡಿ, ತೊಟ್ಟಿಕ್ಕತೊಡಗಿತು. ನಲ್ಲಿ ರಿಪೇರಿಯವನು ಬಂದು ಇವರ ಅಡುಗೆಮನೆಯ ನೆಲಕ್ಕೆ ಕಿವಿಯಿಟ್ಟು ಕೇಳಿ, ಪೈಪು ಪೂರ್ತಿ ತಿಂದುಹೋಗಿದೆ, ನೆಲ, ಕಟ್ಟೆ ಎರಡನ್ನೂ ಒಡೆಯಲೇಬೇಕು ಎಂದ. ಗಂಡ ತಲೆ ಮೇಲೆ ಕೈಹೊತ್ತು ಕೂತ. ಉದ್ದಕ್ಕನಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷವಾಯಿತು. ಆ ಸಂತೋಷ ಟೈಲ್ಸ್ ಅಂಗಡಿಯ ಬಾಗಿಲವರೆಗೆ ಬಾಳಿತು.

ಅಂಗಡಿಗೆ ಗಂಡ ಬಂದ, ಅತ್ತೆ ಬಂದರು, ಬೇರೆ ಊರಿನಲ್ಲಿ ಕೆಲಸದಲ್ಲಿರುವ ನಾದಿನಿ ಫೋನಿನ ಪರದೆಯೊಳಗೆ ಬಂದಳು. ಅಂಗಡಿಯವನು ಕನ್ನಡಿಯಂತೆ ಹೊಳೆಯುವ ಬಿಳಿ ಹಲಗೆಯೊಂದನ್ನು ಎತ್ತಿ ನಿಲ್ಲಿಸಿ, "ಈಗ ಎಲ್ರೂ ತಗೊಳ್ತಿರೋದು ಇದೇ ಮೇಡಂ, ಮುಖ ನೋಡ್ಕೋಬಹುದು" ಎಂದ.

"ನನಗೆ ಮುಖ ನೋಡ್ಕೊಳ್ಳೋಕೆ ಬೇರೆ ಕನ್ನಡಿ ಇದೆ. ನೀರು ಬಿದ್ರೆ ಜಾರತ್ತಾ?"

"ಜಾರಲ್ಲ ಮೇಡಂ. ಗ್ಯಾರಂಟಿ."

ಅವಳು ಆ ಹಲಗೆಯನ್ನು ನೆಲಕ್ಕೆ ಮಲಗಿಸಿದಳು. ಚೀಲದಿಂದ ನೀರಿನ ಬಾಟಲಿ ತೆಗೆದು ಅದರ ಮೇಲೆ ಸುರಿದು, "ಬನ್ನಿ, ಬರಿಗಾಲಲ್ಲಿ ನಿಂತು ತೋರ್ಸಿ" ಎಂದಳು. ಅಂಗಡಿಯವನು ನಕ್ಕ, ಆದರೆ ಚಪ್ಪಲಿ ಬಿಡಲಿಲ್ಲ. ಅಷ್ಟರಲ್ಲಿ ಗಂಡ "ನಾನು ನಿಲ್ತೀನಿ ಬಿಡು" ಎಂದು ಕಾಲಿಟ್ಟವನು ಸರ್ರನೆ ಜಾರಿ ಅಂಗಡಿಯವನ ಕುತ್ತಿಗೆಗೆ ಜೋತುಬಿದ್ದ. ಫೋನಿನೊಳಗಿಂದ ನಾದಿನಿ, "ಅಣ್ಣ ಯಾಕೆ ಅವರನ್ನ ಅಪ್ಕೊಂಡಿದಾನೆ? ಅತ್ತಿಗೆ, ಆ ಬಿಳೀದು ತುಂಬಾ ಚೆನ್ನಾಗಿದೆ, ಅದನ್ನೇ ತಗೊಳ್ಳಿ" ಎಂದಳು.

ಮರಳಿನ ಬಣ್ಣದ, ಮೈ ತರಿತರಿಯಾದ ಟೈಲ್ಸ್ ಆಯ್ಕೆಯಾಗುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಕೊಳೆ ಕೂರತ್ತೆ ಎಂದು ಅಂಗಡಿಯವನು ಮೂಗು ಮುರಿದ. ಮಂಕಾಗಿದೆ ಎಂದು ನಾದಿನಿ ರಾಗ ಎಳೆದಳು. ಗಂಡ ಇಬ್ಬರಿಗೂ ಹೌದು ಹೌದು ಎಂದ. ಅತ್ತೆ ಒಂದು ಮೂಲೆಯ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ನಲ್ಲಿ ಆರಿಸುವುದು ಇನ್ನೂ ಬಾಕಿಯಿತ್ತು. ಬಾತುಕೋಳಿಯ ಕತ್ತಿನಂತೆ ಬಾಗಿದ್ದು, ಎಳೆದರೆ ಬಳ್ಳಿಯಂತೆ ಉದ್ದವಾಗುವುದು, ಕೈ ಒಡ್ಡಿದರೆ ತಾನೇ ಸುರಿಯುವುದು. ಉದ್ದಕ್ಕನ ತಲೆ ಚಿಟ್ಟು ಹಿಡಿಯಿತು. "ತಿರುಗಿಸಿದ್ರೆ ನೀರು ಬರ್ಬೇಕು, ಮತ್ತೆ ತಿರುಗಿಸಿದ್ರೆ ನಿಲ್ಬೇಕು. ಅಂಥದ್ದು ಒಂದು ಕೊಡಿ" ಎಂದಳು. ಅಂಥದ್ದನ್ನು ಹುಡುಕಲು ಅಂಗಡಿಯವನು ಗೋದಾಮಿಗೆ ಹೋಗಬೇಕಾಯಿತು.

ಕೆಲಸ ಶುರುವಾಯಿತು. ಒಲೆ ಮಲಗುವ ಕೋಣೆಗೆ ಬಂತು, ಪಾತ್ರೆ ತೊಳೆಯುವುದು ಬಚ್ಚಲಿಗೆ ಹೋಯಿತು. ಹಾಸಿಗೆ, ಪುಸ್ತಕ, ಹಲ್ಲುಜ್ಜುವ ಬ್ರಷ್ಷು, ಎಲ್ಲದರ ಮೇಲೂ ಸಿಮೆಂಟಿನ ಧೂಳು. ಗಂಡ ಕೆಮ್ಮುತ್ತ ಕೈಪಿಡಿ ಅನುವಾದಿಸುತ್ತಿದ್ದ. ನೆಲ, ಹಳೇ ಕಟ್ಟೆ ಒಡೆದು ಹೊಸ ಪೈಪು ಹಾಕಿದ್ದಾಯಿತು. ಹೊಸ ಕಟ್ಟೆಗೆ ಕೈಹಾಕುವ ಹಿಂದಿನ ದಿನ ಉದ್ದಕ್ಕ ಮೇಸ್ತ್ರಿಯನ್ನು ನಿಲ್ಲಿಸಿಕೊಂಡು, ಮೊಣಕೈ ಮಡಚಿ, "ನೋಡಿ, ಇಲ್ಲಿಂದ ನಾಲ್ಕು ಬೆರಳು ಕೆಳಗೆ ಕಟ್ಟೆ ಬರ್ಬೇಕು. ಅರ್ಥ ಆಯ್ತಾ?" ಎಂದು ಕೇಳಿದಳು. ಮೇಸ್ತ್ರಿ ಗೋಣು ಹಾಕಿದ.

ಮಾರನೆಯ ಸಂಜೆ ಬಂದು ನೋಡಿದರೆ ಕಟ್ಟೆ ಎದ್ದು ನಿಂತಿದೆ. ಹಳೆಯದು ಎಲ್ಲಿತ್ತೋ ಅದೇ ಎತ್ತರಕ್ಕೆ.

"ಎಲ್ಲ ಮನೇಲೂ ಇಷ್ಟೇ ಇರೋದು ಮೇಡಂ" ಎಂದ ಮೇಸ್ತ್ರಿ. "ಮೂವತ್ತು ವರ್ಷದಿಂದ ಕಟ್ತಾ ಇದೀನಿ. ಅಷ್ಟು ಎತ್ತರ ಮಾಡಿದ್ರೆ ನೋಡೋಕೆ ಚೆನ್ನಾಗಿರಲ್ಲ. ಸಾಹೇಬ್ರನ್ನ ಕೇಳ್ದೆ, ಆಗ್ಲಿ ಅಂದ್ರು."

ಅವಳು ಸಾಹೇಬರ ಕಡೆ ತಿರುಗಿದಳು.

"ಅವರು ಹೇಳಿದ್ದೂ ಸರಿ ಅನ್ನಿಸ್ತು ಕಣೇ" ಎಂದ ಗಂಡ. "ಅಮ್ಮಂಗೂ ಅನುಕೂಲ ಅಲ್ವಾ?"

"ನಿಮ್ಮಮ್ಮ ಅಡುಗೆಮನೆಗೆ ಕಾಲಿಟ್ಟು ಯಾವ ಕಾಲ ಆಯ್ತು ರೀ? ನಾನು ಒಬ್ಬಳು ಮನುಷ್ಯಳು ನಿಂತ್ಕೊಂಡು ಹೇಳಿದ್ದು ನಿಮ್ಮ ಯಾರ ಕಿವಿಗೂ ಬೀಳಲ್ವಾ?"

ಕಟ್ಟೆ ಒಡೆಸಿದಳು. ಈ ಸಲ ಬಾಯಿಮಾತಿನ ಸಹವಾಸವೇ ಬೇಡವೆಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಹೆಬ್ಬೆರಳು ದಪ್ಪದ ಗೆರೆ ಎಳೆದಳು. ಮೇಸ್ತ್ರಿ ಆ ಗೆರೆಯನ್ನು ಭಕ್ತಿಯಿಂದ ನೋಡಿದ. ಕಟ್ಟೆಯಾಯಿತು, ನೆಲಕ್ಕೆ ಟೈಲ್ಸ್ ಕೂತಿತು, ಕಟ್ಟೆಯ ಮೇಲೆ ಕಪ್ಪು ಕಲ್ಲೂ ಬಂತು. ಉದ್ದಕ್ಕ ಹೋಗಿ ಎದುರು ನಿಂತಳು. ಮೊದಲಿಗಿಂತ ಎತ್ತರವೇನೋ ಹೌದು. ಆದರೂ ಕೈಯಿಟ್ಟರೆ ಬೆನ್ನು ತಾನಾಗಿ ಬಗ್ಗುತ್ತಿದೆ.

"ನನ್ನ ಗೆರೆ ಎಲ್ಲಿ?"

"ಗೋಡೆ ಕೆತ್ತುವಾಗ ಹೋಯ್ತು ಮೇಡಂ. ಆದ್ರೆ ಕೆತ್ತೋಕೆ ಮುಂಚೆ ಅಳತೆ ತಗೊಂಡಿದ್ದೆ, ನೆಲದಿಂದ."

"ಯಾವ ನೆಲದಿಂದ?"

ಮೇಸ್ತ್ರಿ ಕೆಳಗೆ ನೋಡಿದ. ಗೆರೆ ಎಳೆದದ್ದೂ ಅಳೆದದ್ದೂ ಒಡೆದು ಅಗೆದ ನೆಲದ ಮೇಲೆ ನಿಂತು. ಅದರ ಮೇಲೆ ಈಗ ಜಲ್ಲಿ, ಗಾರೆ, ಟೈಲ್ಸ್ ಎಲ್ಲ ಬಂದು ನೆಲವೇ ಒಂದು ಗೇಣಿನ ಹತ್ತಿರಹತ್ತಿರ ಮೇಲೆದ್ದಿತ್ತು. ಗಂಡ ಮೆತ್ತಗೆ, "ಸ್ವಲ್ಪ ಹೊಂದಾಣಿಕೆ ಮಾಡ್ಕೊಳ್ಳೋಕೆ ಆಗತ್ತಾ ನೋಡು" ಎಂದ. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಅಲ್ಲಿ ರಾಶಿ ಬಿದ್ದಿದ್ದ ಪಾತ್ರೆಗಳನ್ನೆಲ್ಲ ಕೆಳಮನೆಗೂ ಕೇಳಿಸುವಂತೆ ತೊಳೆದಳು.

ಆ ವಾರದ ಕೊನೆಗೆ ನಾದಿನಿ ಖುದ್ದು ಬಂದಿಳಿದಳು. ಕಲ್ಲು ಎತ್ತಿಸಿ ಮೂರನೇ ಸಲ ಕಟ್ಟಿಸುತ್ತಾರಂತೆ ಎಂದು ಅಣ್ಣನ ಬಾಯಿಂದ ಕೇಳಿದ್ದಳು. ಬಂದವಳೇ ಅಮ್ಮನ ಪಕ್ಕ ಕೂತು, ಅಮ್ಮನ ಕೈಹಿಡಿದುಕೊಂಡು ಮಾತು ತೆಗೆದಳು.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಇದು ಅಮ್ಮ ಬಾಳಿದ ಮನೆ. ಆ ಕಟ್ಟೆ ಅಮ್ಮನ ಅಳತೆಗೆ ಅಂತ ಅಪ್ಪ ಕಟ್ಟಿಸಿದ್ದು. ಈಗ ನೀವು ಅಮ್ಮಂಗೆ ಎಟುಕದ ಹಾಗೆ ಮಾಡಿಸಿದ್ರೆ, ಅವಳಿಗೆ ಒಂದು ಲೋಟ ಟೀ ಬೇಕು ಅಂದ್ರೂ..."

ಉದ್ದಕ್ಕನ ಕೋಪ ನೆತ್ತಿಗೇರಿತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಅತ್ತೆ ಮಗಳ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು.

"ನನ್ನ ಅಳತೆಗೆ ಅಂತ ಯಾರೇ ಹೇಳಿದ್ದು ನಿನಗೆ?"

ಎಲ್ಲರೂ ಅವರತ್ತ ನೋಡಿದರು.

"ಒಲೆ ಮೇಲಿಟ್ಟ ಪಾತ್ರೆ ಒಳಗೆ ಏನಾಗ್ತಿದೆ ಅಂತ ನನಗೆ ಕಾಣ್ತಿರ್ಲಿಲ್ಲ. ಎತ್ತರ ಆಗಿತ್ತು. ಹೇಳ್ದೆ, ಎಲ್ಲ ಮನೇಲೂ ಇಷ್ಟೇ ಅಂದ್ರು ನಿಮ್ಮಪ್ಪ. ಮಣೆ ಹಾಕ್ಕೊಂಡು ಅದರ ಮೇಲೆ ನಿಂತು ಬೇಯಿಸ್ತಿದ್ದೆ. ಎರಡು ಸಲ ಬಿದ್ದಿದೀನಿ. ನೀನು ಸಣ್ಣವಳು, ನಗ್ತಿದ್ದೆ."



"ಹಾಗಾದ್ರೆ ಅದು ಯಾರ ಅಳತೆ ಅತ್ತೆ?" ಉದ್ದಕ್ಕ ಕೇಳಿದಳು.

"ಕಟ್ಟಿದವನದ್ದೇ ಇರ್ಬೇಕು. ಅವನೇನು ಒಂದು ದಿನ ಬಂದು ಅಡುಗೆ ಮಾಡಿದ್ನಾ?" ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ಬಂದಾಗ, ಅಬ್ಬಾ, ಇವಳು ಎತ್ತರ ಇದಾಳೆ, ಇವಳಿಗೆ ತೊಂದರೆ ಇಲ್ಲ ಅಂದ್ಕೊಂಡೆ. ಅವತ್ತು ಮಣೆಯಿಂದ ಇಳಿದವಳು ಮತ್ತೆ ಹತ್ತಲಿಲ್ಲ. ನಿನಗೆ ಅದು ತಗ್ಗು ಅಂತ ನೀನು ನನ್ಹತ್ರ ಯಾವತ್ತು ಹೇಳಿದೀಯ?"

ಹೇಳಿರಲಿಲ್ಲ. ಗಂಡನಿಗೆ ಹೇಳಿದ್ದಳು, ಅವನು ಆಗ್ಲಿ ಎಂದಿದ್ದ. ಇಷ್ಟು ವರ್ಷ ಹೊತ್ತ ಮುನಿಸನ್ನು ಈಗ ಎಲ್ಲಿ ಇಳಿಸುವುದೆಂದು ತಿಳಿಯದೆ ಉದ್ದಕ್ಕ ನಿಂತೇ ಇದ್ದಳು. ಪಾಪ ಎನ್ನಿಸಿತು, ನಾಚಿಕೆಯೂ ಆಯಿತು. ಜೊತೆಗೆ, ಮುದುಕಿ ಇದನ್ನು ಇಷ್ಟು ದಿನ ಹೊಟ್ಟೆಯೊಳಗಿಟ್ಟುಕೊಂಡು ಅಂಗಡಿಯಲ್ಲಿ ನಿದ್ದೆ ಮಾಡಿದರಲ್ಲ ಎಂದು ಸಿಟ್ಟೂ ಬಂತು. ಆಮೇಲೆ ಸಿಟ್ಟೆಲ್ಲ ಸೋಫಾದ ಮೂಲೆಯಲ್ಲಿ ಮುದುಡಿ ಕೂತಿದ್ದ ಗಂಡನ ಕಡೆ ಹರಿಯಿತು. ಅವನು ಎದ್ದು ಎಲ್ಲರಿಗೂ ನೀರು ತರಲು ಹೋದ.

"ನಿಮಗೆ ಎಷ್ಟು ಎತ್ತರ ಬೇಕು ಅತ್ತೆ?" ಎಂದು ಅವಳು ಕೇಳಿದಳು.

"ನನಗೆ ಅಡುಗೆ ಬೇಡ ಮಾರಾಯ್ತಿ, ಆ ಸುದ್ದಿ ತೆಗೀಬೇಡ. ಕಿಟಕಿ ಹತ್ರ ಒಂದು ಮೊಳ ಜಾಗ ತಗ್ಗಿಸಿ ಕೊಡು. ಟೀ ಕೆಟಲ್ ಇಟ್ಕೊಂಡ್ರೆ ಸಾಕು. ಯಾರ ಮುಖಾನೂ ನೋಡದೆ ನನ್ನ ಟೀ ನಾನೇ ಮಾಡ್ಕೊತೀನಿ."

ಸೋಮವಾರ ಉದ್ದಕ್ಕ ಆಸ್ಪತ್ರೆಗೆ ರಜೆ ಹಾಕಿದಳು. ಕುರ್ಚಿಯೊಂದನ್ನು ಅಡುಗೆಮನೆಯ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತಳು.

"ಒಂದೇ ಅಡುಗೆಮನೇಲಿ ಎರಡು ಎತ್ತರವಾ?" ಮೇಸ್ತ್ರಿ ಕರಣೆ ಕೆಳಗಿಟ್ಟ. "ನೋಡಿದವ್ರು ಮೇಸ್ತ್ರಿಗೆ ಕೆಲಸ ಬರಲ್ಲ ಅಂತಾರೆ ಮೇಡಂ."

"ಅನ್ನಲಿ. ನೀವು ಕಟ್ಟಿ."

ಮೇಸ್ತ್ರಿ ಗೊಣಗುತ್ತ ಕಟ್ಟಿದ. ಒಂದೊಂದು ಇಟ್ಟಿಗೆ ಸಾಲಿಗೂ ಅವಳನ್ನು ಎಬ್ಬಿಸಿ ನಿಲ್ಲಿಸಿ, ಮೊಣಕೈ ನೋಡಿ, ಮತ್ತೆ ಕೂರಿಸಿದ. ಕಿಟಕಿಯ ಬಳಿ ಅತ್ತೆಯನ್ನೂ ಕರೆತಂದು ನಿಲ್ಲಿಸಬೇಕಾಯಿತು. ಅವರು ಇನ್ನೂ ತಗ್ಗಿಸು, ಇನ್ನೂ ತಗ್ಗಿಸು ಎಂದು ಮೇಸ್ತ್ರಿಯ ಪ್ರಾಣ ಹಿಂಡಿದರು. ಉದ್ದಕ್ಕನಿಗೆ ಆ ತಿಂಗಳಲ್ಲಿ ಮೊದಲ ಬಾರಿಗೆ ಕೊಂಚ ತಂಪೆನಿಸಿತು.

ಎಲ್ಲ ಮುಗಿದು ಸಾಮಾನು ಒಳಗೆ ಬಂತು. ಕಟ್ಟೆ ಮೇಲೆದ್ದದ್ದರಿಂದ ಮೇಲಿನ ಕಪಾಟಿಗೂ ಕಲ್ಲಿಗೂ ನಡುವೆ ಮಿಕ್ಸಿ ಹಿಡಿಸಲಿಲ್ಲ. ಅದನ್ನು ನಡುಮನೆಯಲ್ಲಿ ಟೀವಿ ಪಕ್ಕ ಇಡಬೇಕಾಯಿತು. ಒಲೆಯ ಮೇಲಿನ ಚಿಮಣಿ ಮೊದಲ ದಿನವೇ ಅವಳ ಹಣೆಗೆ ಬಡಿಯಿತು. ಎರಡು ಪೆಟ್ಟಿಗೆಗಳ ಟೈಲ್ಸ್ ಒಂದೇ ಬಣ್ಣದ್ದಲ್ಲ ಎನ್ನುವುದು ಬಿಸಿಲು ಬಿದ್ದಾಗ ಮಾತ್ರ ಕಾಣುತ್ತಿತ್ತು, ಬಿಸಿಲು ದಿನಾ ಬೀಳುತ್ತಿತ್ತು. ಗಂಡನಿಗೆ ಒಂದು ಕಟ್ಟೆ ಎತ್ತರ, ಇನ್ನೊಂದು ತಗ್ಗು. ಆದರೂ "ಚೆನ್ನಾಗೇ ಇದೆ" ಎಂದ.  ಆದರೆ ತರಕಾರಿ ಹೆಚ್ಚಿ ಮುಗಿಸಿದಾಗ ಉದ್ದಕ್ಕನ ಕೈ ಅಭ್ಯಾಸದಂತೆ ನಡುವಿನ ಮೇಲೆ ಹೋಯಿತು, ಅಲ್ಲಿ ಒತ್ತಿಕೊಳ್ಳುವಂಥ ನೋವೇನೂ ಇರಲಿಲ್ಲ. ಕಿಟಕಿಯ ಹತ್ತಿರ ಅತ್ತೆ ಯಾರನ್ನೂ ಕೇಳದೆ ಟೀ ಮಾಡಿಕೊಂಡು, ಸೊಸೆಗೂ ಒಂದು ಲೋಟ ಸರಿಸಿದರು. ಸಕ್ಕರೆ ಸುರಿದಿದ್ದರು. ಉದ್ದಕ್ಕ ಪೂರ್ತಿ ಕುಡಿದಳು.

ಸ್ವಲ್ಪ ದಿನ ಕಳೆದು ನಾದಿನಿಯ ಫೋನು ಬಂತು. ಅವಳ ಮನೆಯ ಅಡುಗೆಮನೆಯನ್ನೂ ಹೊಸದು ಮಾಡಿಸುವ ಆಲೋಚನೆಯಂತೆ. ಅಲ್ಲಿ ಯಾರೂ ಸರಿಯಾದವರು ಸಿಗುತ್ತಿಲ್ಲ, ನಿಮ್ಮ ಮೇಸ್ತ್ರಿ ಬರುತ್ತಾರಾ, ನಂಬರು ಕೊಡಿ ಎಂದಳು.

ಉದ್ದಕ್ಕ ನಕ್ಕಳು.

"ಕೊಡ್ತೀನಿ ಕಣೇ. ಆದ್ರೆ ನೀನು ಮೊದ್ಲು ಆಫೀಸಿಗೆ ರಜೆ ಹಾಕು."